ನಿಂದ್ರೋ ಗುಳಿಗಿ

ಶಹರಬಾನುವಿನ ಕೈ ಆ ವಾರ ಮೂರು ಸಲ ತಪ್ಪಿತು.

ಇಳಕಲ್ ಸೀರೆಯ ಮೈಗೆ ಉದ್ದೆಳೆಗಳ ಒಂದು ಹಾಸು, ಸೆರಗಿಗೆ ಇನ್ನೊಂದು. ಎರಡರ ಎಳೆಗಳನ್ನೂ ಕುಣಿಕೆಗೆ ಕುಣಿಕೆ ಸಿಕ್ಕಿಸಿ ಒಂದು ಮಾಡಿಕೊಟ್ಟ ಮೇಲೆಯೇ ನೇಕಾರನ ಮಗ್ಗ ಆಡುವುದು. ಮದುವೆಯಾಗಿ ಬಾದಾಮಿಯಿಂದ ಬಂದ ವರ್ಷವೇ ಅತ್ತೆಯಿಂದ ಕಲಿತ ಈ ಕೆಲಸವನ್ನು ಅವಳು ಹದಿನಾರು ವರ್ಷದಿಂದ ಮಾಡುತ್ತ ಬಂದಿದ್ದಳು. ಒಲೆಯ ಮೇಲೆ ಅನ್ನ ಕುದಿಯುವ ಸಪ್ಪಳ ಕೇಳುತ್ತ, ಬಾಗಿಲಲ್ಲಿ ನಿಂತವರಿಗೆ ಜವಾಬು ಕೊಡುತ್ತ ಕುಣಿಕೆ ಹಾಕುವವಳು. ಎಳೆ ಬಿಟ್ಟಿದೆಯೆಂದು ಯಾರೂ ತಿರುಗಿ ಬಂದದ್ದಿಲ್ಲ. ಈಗ ಒಂದೇ ವಾರದಲ್ಲಿ ಮೂರು ಸಲ ಬಂದರು. ಮೂರನೆಯ ಸಲ ಬಂದ ನೇಕಾರ ಶಂಕರಲಿಂಗ ಹಾಸನ್ನು ಅವಳ ಮುಂದೆ ಇಟ್ಟು ನಕ್ಕ.

“ಏನ್ರಿ ಅಕ್ಕಾರ, ಚಾಳೀಸ ಬಂತೇನು? ಚಸ್ಮಾ ಹಾಕ್ಕೊಳ್ರಿ ಇನ್ನ.”

“ಕಣ್ಣಿಗೇನೂ ಆಗಿಲ್ಲೋ ತಮ್ಮಾ. ಇಟ್ಟು ಹೋಗು, ಸಂಜೀಕ ಬಾ.”

ಕಣ್ಣಿಗೆ ನಿಜಕ್ಕೂ ಏನೂ ಆಗಿರಲಿಲ್ಲ. ಅಡುಗೆಮನೆಯ ಗೂಡಿನಲ್ಲಿದ್ದ ಗುಳಿಗೆಯ ಪಟ್ಟಿ ಅವಳನ್ನು ಕೂತಲ್ಲಿ ಕೂಡಗೊಡುತ್ತಿರಲಿಲ್ಲ. ಹತ್ತು ಕುಣಿಕೆ ಹಾಕುವಳು, ಎದ್ದು ಹೋಗಿ ಪಟ್ಟಿ ನೋಡುವಳು, ಮತ್ತೆ ಬಂದು ಕೂಡುವಳು. ಎಲ್ಲಿ ಬಿಟ್ಟಿದ್ದೆನೆಂಬುದು ಮರೆತಿರುತ್ತಿತ್ತು.

ಅವಳಿಗೆ ಮೂವತ್ತೆಂಟು. ಈಗ ಎರಡು ತಿಂಗಳ ಬಸುರಿ. ಇದಕ್ಕೂ ಮೊದಲು ಮೂರು ಸಲ ಬಸಿರಾಗಿದ್ದಳು. ಒಂದು ನಾಲ್ಕನೆಯ ತಿಂಗಳಲ್ಲಿ ಹೋಯಿತು, ಎರಡು ಐದನೆಯದರಲ್ಲಿ. ಕೊನೆಯದು ಹೋಗಿ ಆರು ವರ್ಷ ಕಳೆದಿದ್ದವು. ಗಂಡ ಖಾದರಬಾಷಾ ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ದುಡಿಯುವವನು, ಮಾತು ಕಡಿಮೆ. ಆ ಆರು ವರ್ಷ ಅವನು ಮಗುವಿನ ಸುದ್ದಿ ಎತ್ತಲಿಲ್ಲ. ಬೇರೆ ಯಾರಾದರೂ ಎತ್ತಿದರೆ ಎದ್ದು ಹೊರಗೆ ಹೋಗಿಬಿಡುತ್ತಿದ್ದ. ಈ ಸಲ ಗೊತ್ತಾದ ದಿನ ಮಾತ್ರ, ಮೈತುಂಬ ಕಲ್ಲಿನ ಪುಡಿ ಇದ್ದ ಹಾಗೆಯೇ ಬಾಗಿಲಲ್ಲಿ ನಿಂತು, “ಈ ಸಲ ಬಾಗಲಕೋಟಿಗೆ ಹೋಗೋಣು. ದೊಡ್ಡ ಡಾಕ್ಟರಿಗೆ ತೋರಸೋಣು,” ಎಂದ.

ಬಾಗಲಕೋಟೆಯ ಡಾಕ್ಟರು ನಡುವಯಸ್ಸಿನ ಹೆಂಗಸು. ಹಳೆಯ ಚೀಟಿಗಳನ್ನೆಲ್ಲ ಓದಿದರು, ಹೊಟ್ಟೆಯ ಮೇಲೆ ಯಂತ್ರ ಆಡಿಸಿ ತುಂಬ ಹೊತ್ತು ನೋಡಿದರು. ನಡುವೆ ಅವಳ ಕೊರಳಿನ ತಾಮ್ರದ ತಾಯಿತ ಜಾರಿ ಬಂದಾಗ ಅದನ್ನು ತಾವೇ ಮೆಲ್ಲಗೆ ಹೆಗಲ ಕಡೆ ಸರಿಸಿದರು. ಆಮೇಲೆ ಒಂದು ಹಾಳೆ ತೆಗೆದು ಎರಡು ಚಿತ್ರ ಬರೆದರು.

“ಎಲ್ಲಾರ ಗರ್ಭಚೀಲ ಹಿಂಗ ಇರ್ತೈತಿ, ತೆಳಗ ಮ್ಯಾಲ ಮಾಡಿದ ಪೇರಲ ಹಣ್ಣಿನಂಗ. ನಿಮ್ಮದು ನೋಡ್ರಿ, ಇಂಗ್ಲಿಷ್ ಟಿ ಅಕ್ಷರದಂಗ ಐತಿ. ಒಳಗ ಜಾಗಾ ಕಡಿಮಿ. ಇದು ನೀವು ಹುಟ್ಟಿದಾಗಿಂದ ಹಿಂಗ ಇರೋದು.”

“ಯಾಕ್ರಿ ಹಿಂಗ?”

“ಸುಮ್ನೂ ಆಗಿರಬಹುದು. ಒಂದು ಮಾತು ಕೇಳಬೇಕಾಗೈತಿ. ನೀವು ಹೊಟ್ಟ್ಯಾಗಿದ್ದಾಗ ನಿಮ್ಮ ತಾಯಿ ಏನರ ಗುಳಿಗಿ ತಗೊಂಡಿದ್ರೇನು? ಯಾವ ಗುಳಿಗಿ, ಎಷ್ಟು ತಿಂಗಳು? ಬರೂ ಬುಧವಾರ ಕೇಳಿಕೊಂಡು ಬರ್ರಿ. ಅಲ್ಲೀತನಕ ಇವನ್ನ ದಿನಕ್ಕ ಎರಡು ತಗೋರಿ.”

ಕೆಳಗಿನ ಔಷಧಿ ಅಂಗಡಿಯವನು ಪಟ್ಟಿಯನ್ನು ಕವರಿಗೆ ಹಾಕುತ್ತ, ಮುಖ ಎತ್ತದೆಯೇ ಹೇಳಿದ: “ನಿಂದ್ರೋ ಗುಳಿಗಿ ರಿ ಇವು. ಊಟ ಆದ ಮ್ಯಾಲ.”

ಶಹರಬಾನು ಕವರು ಹಿಡಿದು ಅಲ್ಲಿಯೇ ನಿಂತುಬಿಟ್ಟಳು.

ಆ ಮಾತು ಅವಳು ಮೊದಲು ಕೇಳಿದ್ದು ಒಂಬತ್ತು ವರ್ಷದವಳಿದ್ದಾಗ. ಬಾದಾಮಿಯ ಮನೆಯಲ್ಲಿ ಬಳೆಯ ಪೆಟ್ಟಿಗೆ ಕೆಡವಿ ಎರಡು ಡಜನ್ ಬಳೆ ಒಡೆದಿದ್ದಳು. ತಂದೆಯ ತಂಗಿ ಮೆಹರುನ್ನಿಸಾ ಫುಪ್ಪು ಅವಳ ರಟ್ಟೆ ಹಿಡಿದು, “ನೀ ಹೊಟ್ಟ್ಯಾಗಿದ್ದಾಗ ನಿಮ್ಮಮ್ಮ ತಿಂಗಳುಗಟ್ಟಲೆ ನಿಂದ್ರೋ ಗುಳಿಗಿ ನುಂಗಿದ್ಲು. ಹುಟ್ಟೂಕಿಂತ ಮೊದಲ ತ್ರಾಸು ನಿಂದು!” ಎಂದು ಬೈದಿದ್ದಳು. ಮಳೆ ನಿಂತಿತು, ಗಡಿಯಾರ ನಿಂತಿತು, ಅಜ್ಜನ ಉಸಿರು ನಿಂತಿತು. ನಿಂದ್ರೋದು ಅಂದರೆ ಆ ವಯಸ್ಸಿಗೆ ಅಷ್ಟೇ ಗೊತ್ತು. ಅಮ್ಮ ತನ್ನನ್ನು ನಿಲ್ಲಿಸಲು ನೋಡಿದ್ದಳು, ತಾನು ನಿಲ್ಲದೆ ಹುಟ್ಟಿಬಿಟ್ಟೆ ಎಂದು ಹುಡುಗಿ ತಿಳಿದುಕೊಂಡಳು. ತಮ್ಮ ಜಹೀರನ ಹೊತ್ತಿಗೆ ಅಮ್ಮ ಯಾವ ಗುಳಿಗೆಯನ್ನೂ ನುಂಗಿರಲಿಲ್ಲ ಎಂದೂ ಮುಂದೆ ಯಾವಾಗಲೋ ಕೇಳಿದಳು. ಅವನು ಬೇಕಾಗಿದ್ದ, ತಾನು ಬೇಡವಾಗಿದ್ದೆ. ಯಾರೊಂದಿಗೂ ಆಡದೆ ಆ ಮಾತನ್ನು ಇಪ್ಪತ್ತೊಂಬತ್ತು ವರ್ಷ ಒಳಗೇ ಇಟ್ಟುಕೊಂಡು ಬಂದಿದ್ದಳು. ಒಂದೊಂದು ಬಸಿರು ಹೋದಾಗಲೂ, ಬೇಡವಾಗಿ ಬಂದವಳ ಹೊಟ್ಟೆಯಲ್ಲಿ ಕೂಸು ಹೇಗೆ ಉಳಿದೀತು ಎಂದು ಗೋಡೆಗೆ ಮುಖಮಾಡಿ ಮಲಗಿದ್ದಳು.

ಈಗ ಅದೇ ಹೆಸರಿನ ಗುಳಿಗೆ ತನ್ನ ಕೈಯಲ್ಲಿ. ಡಾಕ್ಟರು ಬಸಿರು ಉಳಿಯಲೆಂದು ಕೊಟ್ಟಿದ್ದಾರೆ. ಅಮ್ಮ ಬೇಡವೆಂದು ನುಂಗಿದ್ದು ಇದೇ ಆಗಿದ್ದರೆ? ಗರ್ಭಚೀಲ ಹೀಗಾದದ್ದು ಇದರಿಂದಲೇ ಆಗಿದ್ದರೆ? ನುಂಗಿದರೆ ಈ ಕೂಸಿಗೂ ಅದೇ ಗತಿ. ನುಂಗದಿದ್ದರೆ ಇದೂ ಹೋಗಬಹುದು. ದಿನಕ್ಕೆ ಎರಡರಂತೆ ಪಟ್ಟಿಯಿಂದ ಬಿಡಿಸಿ, ಗಂಡನಿಗೆ ಕಾಣದ ಹಾಗೆ ತುಂಡು ನೂಲಿನ ಡಬ್ಬಿಗೆ ಹಾಕುತ್ತ ಬಂದಳು.

ಆಶಾ ಕಾರ್ಯಕರ್ತೆ ಮಹೇಶ್ವರಿ ಶುಕ್ರವಾರ ತೂಕ ನೋಡಲು ಬಂದವಳು ಸೂಜಿ ಹುಡುಕಲೆಂದು ಡಬ್ಬಿ ತೆಗೆದಳು. ಬಣ್ಣಬಣ್ಣದ ನೂಲಿನ ನಡುವೆ ಆರು ಗುಳಿಗೆಗಳು.

“ಇದೇನಕ್ಕಾ, ನೂಲಿಗೇನರ ದಿನಾ ತುಂಬ್ಯಾವೇನು? ಅದಕ್ಕ ಗುಳಿಗಿ ತಿನಸಾಕತ್ತೀರಲ್ಲ!”

ಶಹರಬಾನು ನಗಲು ನೋಡಿದಳು, ಬಾಯಿ ವಾರೆಯಾಯಿತು. ಮಹೇಶ್ವರಿ ತೂಕದ ಯಂತ್ರವನ್ನು ಪಕ್ಕಕ್ಕೆ ಸರಿಸಿ ನೆಲದ ಮೇಲೆ ಕೂತಳು. ಹಳೆಯ ಮಾತೆಲ್ಲ ಹೊರಗೆ ಬಂತು.

“ಅಲ್ರಿ ಅಕ್ಕಾ, ಇದನ್ನ ಕೇಳಾಕ ನಿಮ್ಮಮ್ಮ ಇದ್ದಾರಲ್ಲ, ಜೀವಂತ! ಮುಂಜಾನಿಯಿಂದ ಸಂಜೀತನಕ ಊರ ಮಂದೀಗೆ ಬಳಿ ಇಡತಾರ. ಮಗಳಿಗೊಂದು ಮಾತು ಹೇಳಂಗಿಲ್ಲೇನು?”

“ಫೋನ್ ಮಾಡಿ ಕೇಳೀನಿ. ಗಿರಾಕಿ ಬಂದಾರ ಅಂತ ಇಟ್ಟಬಿಟ್ಲು. ಎರಡು ಸಲ.”

“ಹಂಗಾರ ಗಿರಾಕಿ ಆಗಿ ಹೋಗ್ರಿ. ಮುಂದ ಕೈ ಚಾಚಿ ಕುಂಡ್ರಿ. ಅವಾಗ ಎಲ್ಲಿ ಹೋಗ್ತಾರ?”

ಶನಿವಾರ ಬೆಳಿಗ್ಗೆ ಅವಳು ಹೊರಟಳು. ಖಾದರಬಾಷಾ ಜೊತೆಗೆ ಬರುತ್ತೇನೆಂದ. ಇದು ತಾಯಿ ಮಗಳ ಮಾತು, ಬೇಡ ಎಂದಳು. ಹುನಗುಂದದಲ್ಲಿ ಬಸ್ಸು ಬದಲಿಸಿದಳು. ರಸ್ತೆಯ ಉಬ್ಬು ಬಂದಾಗಲೆಲ್ಲ ಸೀಟಿನಿಂದ ಅರ್ಧ ಎದ್ದು, ಮುಂದಿನ ಸರಳು ಹಿಡಿದು, ದಾಟಿದ ಮೇಲೆ ಕೂಡುವಳು. ಕಂಡಕ್ಟರ್ ನೋಡಿ, “ಇಳಿಯೋದೈತೇನ್ರಿ?” ಎಂದ. ಇಲ್ಲವೆಂದಳು. ಮುಂದಿನ ಉಬ್ಬಿಗೆ ಮತ್ತೆ ಎದ್ದಳು. ಮೂರನೆಯ ಸಲ ಅವನಿಗೆ ತಿಳಿಯಿತು. “ಲೇ ರಮಜಾನ, ಸಾವಕಾಶ ಹೊಡಿಯೋ, ಬಸರಿ ಹೆಣ್ಮಗಳು ಕುಂತಾಳ!” ಎಂದು ಡ್ರೈವರಿಗೆ ಕೂಗಿದ. ಇಡೀ ಬಸ್ಸು ತಿರುಗಿ ಅವಳನ್ನು ನೋಡಿತು. ಐದು ತಿಂಗಳಾಗುವ ತನಕ ಯಾರಿಗೂ ಗೊತ್ತಾಗಬಾರದೆಂದು ಬಯಸಿದ್ದ ಸುದ್ದಿ ಐಹೊಳೆ ದಾಟುವುದರೊಳಗೆ ನಲವತ್ತು ಜನಕ್ಕೆ ಗೊತ್ತಾಗಿತ್ತು.

ತಾಯಿ ರಂಜಾನಬಿಯ ಬಳೆ ಅಂಗಡಿಯೆಂದರೆ ಬಾದಾಮಿಯ ಪೇಟೆಯ ಸಂದಿಯಲ್ಲಿ ಎರಡು ಹಲಗೆ, ಒಂದು ದೊಡ್ಡ ಛತ್ರಿ. ಕುಬುಸದ ಶಾಸ್ತ್ರಕ್ಕೆಂದು ಹಸಿರು ಬಳೆ ಇಡಿಸಿಕೊಳ್ಳಲು ತುಂಬಿದ ಬಸುರಿಯೊಬ್ಬಳು ಎದುರು ಕೂತಿದ್ದಳು. ಅವಳ ಅತ್ತೆ ನೀಲಾಬಾಯಿ ಪಕ್ಕದಲ್ಲಿ ನಿಂತು ಅವಸರ ಮಾಡುತ್ತಿದ್ದಳು. ರಂಜಾನಬಿ ಬಸುರಿಯ ಅಂಗೈಯನ್ನು ಹಿಟ್ಟಿನಂತೆ ನಾದಿ, ಎಲುಬು ಮಡಚಿ, ಬಳೆ ದಾಟಿಸುತ್ತಿದ್ದಳು. ತಲೆ ಎತ್ತಿ ಮಗಳನ್ನು ಕಂಡಳು. ಕೈಯಲ್ಲಿದ್ದ ಬಳೆ ಚಟ್ಟೆಂದಿತು.

“ಅಯ್ಯ, ರಂಜಾನಬಿ! ಮೂವತ್ತು ವರ್ಷದಾಗ ನಿನ್ನ ಕೈಯಾಗ ಬಳಿ ಒಡದದ್ದು ನೋಡಿಲ್ಲವಾ ನಾನು,” ಎಂದಳು ನೀಲಾಬಾಯಿ.

“ಬಳಿ ಕಚ್ಚಾ ಐತವಾ. ನಿನ್ನ ಸೊಸಿದು ಏನೂ ತಪ್ಪಿಲ್ಲ, ನೀ ಅಂಜಬ್ಯಾಡ.”

ಗಿರಾಕಿ ಎದ್ದ ಜಾಗದಲ್ಲಿ ಶಹರಬಾನು ಕೂತು, ಮಹೇಶ್ವರಿ ಹೇಳಿಕೊಟ್ಟ ಹಾಗೆಯೇ ಕೈ ಚಾಚಿದಳು. ರಂಜಾನಬಿ ಆ ಕೈಯನ್ನು ನೋಡಿದಳು, ಹಿಡಿಯಲಿಲ್ಲ. ಛತ್ರಿ ಮಡಚತೊಡಗಿದಳು.

“ಮನಿಗೆ ನಡಿ. ಇಲ್ಲಿ ಬ್ಯಾಡ.”

ಮನೆಯಲ್ಲಿ ಯಾರೂ ಇರಲಿಲ್ಲ. ಜಹೀರ, ಅವನ ಹೆಂಡತಿ ಕೆಲಸಕ್ಕೆ ಹೋಗಿದ್ದರು. ರಂಜಾನಬಿ ಚಹಾಕ್ಕಿಟ್ಟಳು, ಇಳಿಸಿದಳು, ಮತ್ತೆ ಇಟ್ಟಳು. ಸಕ್ಕರೆ ಹಾಕಿದೆನೋ ಇಲ್ಲವೋ ಎಂದು ರುಚಿ ನೋಡಿದಳು. ಶಹರಬಾನು ತಡೆಯಲಾರದೆ ಎದ್ದು ನಿಂತಳು.

“ಅಮ್ಮಾ, ನನಗ ಚಾ ಬ್ಯಾಡ. ನನ್ನ ಹೊಟ್ಟ್ಯಾಗ ಇಟ್ಟುಕೊಂಡು ನೀ ಏನ್ ಗುಳಿಗಿ ನುಂಗಿದಿ, ಅದನ್ನ ಹೇಳು. ಸಿಟ್ಟು ಮಾಡಂಗಿಲ್ಲ. ನಾ ಬ್ಯಾಡ ಆಗಿದ್ದೆ, ಅಷ್ಟ ಅಲ್ಲ? ಆಗ್ಲಿ. ಆದ್ರ ಯಾವ ಗುಳಿಗಿ ಅಂತ ಹೇಳು. ನನ್ನ ಕೂಸಿನ ಪ್ರಶ್ನಿ ಐತಿ.”

“ಯಾರು ಬ್ಯಾಡ ಆಗಿದ್ರು?”

“ನಾನು. ನಿಂದ್ರೋ ಗುಳಿಗಿ ನುಂಗಿದ್ಲು ನಿಮ್ಮಮ್ಮ ಅಂತ ಫುಪ್ಪು ಹೇಳಿದ್ದಳು. ಬಳಿ ಪೆಟ್ಟಿಗಿ ಕೆಡವಿದ ದಿನಾ.”

ರಂಜಾನಬಿ ಒಲೆ ಆರಿಸಿ ಮಗಳ ಕಡೆ ತಿರುಗಿದಳು.

“ಹುಚ್ಚೀ,” ಎಂದಳು. “ಖರೇನ ಹುಚ್ಚಿ ಅದೀ ನೀನು. ನೀ ನಿಂದ್ರಲಿ ಅಂತ ನುಂಗಿದೆ ನಾನು! ನಿನಗಿಂತ ಮೊದಲ ನನ್ನವೂ ಎರಡು ಹೋಗಿದ್ದುವು. ನಿಮ್ಮಜ್ಜಿ ಗುಳಿಗಿ ಬ್ಯಾಡ, ದರ್ಗಾದ ನೀರು ಸಾಕು ಅಂತಿದ್ಲು. ಕದ್ದು ನುಂಗಿದೆ, ನಿಮ್ಮ ಫುಪ್ಪುಗಷ್ಟ ಗೊತ್ತಿತ್ತು. ಆರು ತಿಂಗಳು, ದಿನಾ. ನೀ ನಿಂತಿ. ನಿಂತಿ ಅಂತನ ಇವತ್ತ ನನ್ನ ಮುಂದ ನಿಂತು ಜಬರಸಾಕತ್ತೀ!”

ಶಹರಬಾನು ಗೋಡೆ ಹಿಡಿದು ಕೂತಳು. ಅಷ್ಟು ವರ್ಷದ ಮಾತು ಒಂದೇ ಏಟಿಗೆ ಮಗ್ಗುಲು ಬದಲಿಸಿತ್ತು. ಆದರೆ ಬುಧವಾರಕ್ಕೆ ಡಾಕ್ಟರಿಗೆ ಬೇಕಾದದ್ದು ಗುಳಿಗೆಯ ಹೆಸರು.

“ಜಹೀರನ ಹೊತ್ತಿನ್ಯಾಗ ಯಾಕ ತಗೊಳ್ಳಲಿಲ್ಲ ಮತ್ತ?”

“ಅಷ್ಟೊತ್ತಿಗೆ ಆ ಡಾಕ್ಟರ ಊರು ಬಿಟ್ಟು ಹೋಗಿದ್ದ. ಎಲ್ಲಿಗೋ, ಯಾರಿಗ್ಗೊತ್ತು. ಅವನ ದವಾಖಾನಿ ಇದ್ದಲ್ಲಿ ಈಗ ಮೊಬೈಲ್ ಅಂಗಡಿ ಐತಿ.”

“ಚೀಟಿ? ಅವನು ಬರದು ಕೊಟ್ಟ ಚೀಟಿ ಏನಾತು?”

ರಂಜಾನಬಿಯ ಕಣ್ಣು ಮಗಳ ಮುಖದಿಂದ ಕೆಳಗಿಳಿದು ಕೊರಳಿನ ಕರಿ ದಾರದ ಮೇಲೆ ನಿಂತಿತು.

“ಹೇಳಿದ್ರ ಅದರ ತಾಕತ್ತು ಹೋಗ್ತೈತಿ ಅಂತ ಇಷ್ಟು ದಿನಾ ಬಾಯಿ ಮುಚ್ಚಿಕೊಂಡೆ. ನಿನ್ನ ಕೊರಳಾಗ ಐತಿ.”

ಶಹರಬಾನುವಿಗೆ ಮೊದಲು ತಿಳಿಯಲಿಲ್ಲ. ತಿಳಿದ ಕೂಡಲೇ ಕೈ ತಾಯಿತಕ್ಕೆ ಹೋಯಿತು. ಹುಟ್ಟಿದ ಏಳನೆಯ ದಿನ ರಟ್ಟೆಗೆ ಕಟ್ಟಿದ್ದು; ದೊಡ್ಡವಳಾದ ಮೇಲೆ ಕೊರಳಿಗೆ ಬಂದದ್ದು. ವರ್ಷಕ್ಕೊಮ್ಮೆ ದಾರ ಬದಲಿಸಿದ್ದಾಳೆ, ತಾಯಿತ ಬಿಚ್ಚಿಲ್ಲ. ಒಂದೊಂದು ಬಸಿರು ಹೋಗುವಾಗಲೂ ಅದನ್ನೇ ಮುಷ್ಟಿಯಲ್ಲಿ ಹಿಡಿದು ದೇವರನ್ನು ಕೂಗಿದ್ದಾಳೆ.

“ಇದರಾಗ ಕುರಾನಿನ ಆಯತ್ ಇಲ್ಲೇನಮ್ಮಾ?”

“ತಾಯಿತ ಬರಕೊಡೋ ಹಜರತ್ ಆ ವಾರ ಊರಾಗಿರಲಿಲ್ಲ. ನೀ ಅಂತೂ ಒಂದ ಸವನ ಅಳತಿದ್ದಿ. ನನ್ನ ಕೈಯಾಗಿದ್ದ ಬರದ ಕಾಗದ ಅದೊಂದ. ಆ ಕಾಗದ ನಿನ್ನ ನಿಂದ್ರಿಸಿತ್ತು. ಓದಾಕ ಬರಲಾರದಾಕಿಗೆ ಹಜರತ್ ಬರದದ್ದಕ್ಕೂ ಡಾಕ್ಟರ ಬರದದ್ದಕ್ಕೂ ಫರಕ ಏನು ತಿಳೀತೈತಿ? ಬಿಸ್ಮಿಲ್ಲಾ ಅಂತ ಸುರುಳಿ ಸುತ್ತಿ ಹಾಕಿದೆ.”

ಇಬ್ಬರೂ ಕೈಕಾಲು ಮುಖ ತೊಳೆದು ವುಜೂ ಮಾಡಿದರು. ಒಳಗೆ ಆಯತ್ ಇಲ್ಲವೆಂದು ಗೊತ್ತಿದ್ದರೂ ಹಾಗೇ ಬಿಚ್ಚಲು ಇಬ್ಬರಿಗೂ ಮನಸ್ಸಾಗಲಿಲ್ಲ. ತುದಿಯ ಮೇಣವನ್ನು ರಂಜಾನಬಿ ಕೂದಲ ಪಿನ್ನಿನಿಂದ ಕೆದಕಿದಳು. ಕಾಗದ ಚಹಾದ ಬಣ್ಣಕ್ಕೆ ತಿರುಗಿತ್ತು. ಬಿಡಿಸುವಾಗ ಮಡಿಕೆಯಲ್ಲಿ ನಾಲ್ಕು ತುಂಡಾಯಿತು. ಏಳನೆಯ ತರಗತಿವರೆಗೆ ಕನ್ನಡ ಸಾಲೆ ಓದಿದ ಶಹರಬಾನುವಿಗೆ ಅಲ್ಲಿದ್ದ ಇಂಗ್ಲಿಷ್ ಸೊಟ್ಟ ಗೆರೆಗಳಂತೆ ಕಂಡಿತು. ತುಂಡುಗಳನ್ನು ಬಳೆಯ ಡಬ್ಬಿಯ ಎರಡು ಪ್ಲಾಸ್ಟಿಕ್ ಮುಚ್ಚಳಗಳ ನಡುವೆ ಜೋಡಿಸಿ, ದಾರ ಸುತ್ತಿದಳು.

ಬುಧವಾರ ರಂಜಾನಬಿ ಅಂಗಡಿ ತೆರೆಯದೆ ಮಗಳ ಜೊತೆ ಬಾಗಲಕೋಟೆಗೆ ಹೊರಟಳು. ಅಲ್ಲಿಯತನಕ ಅವಳನ್ನು ಇಳಕಲ್ಲಿಗೆ ಕಳಿಸಿರಲೂ ಇಲ್ಲ. ನಾಲ್ಕು ದಿನ ಇಬ್ಬರೂ ಒಂದೇ ಮನೆಯಲ್ಲಿ ಒಬ್ಬರನ್ನೊಬ್ಬರು ದಾಟಿಕೊಂಡು ಓಡಾಡಿದರು. ಒಬ್ಬಳು ಕೂತರೆ ಇನ್ನೊಬ್ಬಳು ಏಳುವಳು.

ಬಾಗಲಕೋಟೆಯ ಡಾಕ್ಟರು ಮುಚ್ಚಳವನ್ನು ಬೆಳಕಿಗೆ ಹಿಡಿದರು. ಚಸ್ಮಾ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು.

“ಸ್ಟಿಲ್‌ಬೆಸ್ಟ್ರಾಲ್,” ಎಂದರು. “ನನಗ ಅನುಮಾನ ಇದ್ದದ್ದು ಇದರ ಮ್ಯಾಲನ. ಇದು ಕಾರ್ಖಾನ್ಯಾಗ ಮಾಡಿದ ಹಾರ್ಮೋನು. ಬಸರು ನಿಂದ್ರತೈತಿ ಅಂತ ಒಂದು ಕಾಲಕ್ಕ ದೇಶ ದೇಶದಾಗ ಲಕ್ಷಗಟ್ಟಲೆ ಮಂದೀಗೆ ಕೊಟ್ರು. ಆಮ್ಯಾಲ ಗೊತ್ತಾತು, ಹೊಟ್ಟ್ಯಾಗಿದ್ದ ಹೆಣ್ಣು ಕೂಸಿನ ಗರ್ಭಚೀಲ ಬೆಳಿಯೋ ಹೊತ್ತಿನ್ಯಾಗ ಅದರ ಆಕಾರ ಕೆಡಸ್ತೈತಿ ಅಂತ. ನೀವು ಹುಟ್ಟೋದರಾಗ ಹೊರದೇಶದಾಗ ಬಸರಿ ಹೆಂಗಸರಿಗೆ ಅದನ್ನ ಕೊಡೋದು ಬಿಟ್ಟಿದ್ರು. ಇಲ್ಲಿ ಇವರಿಗೆ ಗೊತ್ತಿತ್ತೋ ಇಲ್ಲೋ.”

ರಂಜಾನಬಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. “ಅಂದ್ರ ನಾನ ಮಾಡಿದೆ. ಇಕಿ ಮೂರು ಕೂಸು...”

“ನೀವು ಏನ್ ಮಾಡಿದ್ರಿ? ಡಾಕ್ಟರ ಕೊಟ್ರು, ನುಂಗಿದ್ರಿ.”

“ಆದ್ರ ಅದರಿಂದನ ಇಕಿ ನಿಂತ್ಲಲ್ರಿ ಮೇಡಂ. ಅದು ನುಂಗದಿದ್ರ ಇಕಿ ಇರತಿರಲಿಲ್ಲ.”

ಡಾಕ್ಟರು ಮುಚ್ಚಳವನ್ನು ಮೇಜಿನ ಮೇಲಿಟ್ಟರು. “ಇಲ್ರಿ ತಾಯಿ. ಅದನ್ನೂ ಆಮ್ಯಾಲ ತಪಾಸ ಮಾಡಿ ನೋಡ್ಯಾರ. ನುಂಗಿದವರಿಗೂ ನುಂಗಲಾರದವರಿಗೂ ಏನೂ ಫರಕ ಇರಲಿಲ್ಲ. ಆ ಗುಳಿಗಿಯಿಂದ ಯಾರ ಬಸರೂ ನಿಂತಿಲ್ಲ.”

“ಹಂಗಾರ ಇಕಿ ಹೆಂಗ ನಿಂತ್ಲು?”

“ತಾನ ನಿಂತಾಳ್ರಿ.”

ಹೊರಗೆ ಯಾರದೋ ಹೆಸರು ಕೂಗುತ್ತಿದ್ದರು. ಶಹರಬಾನು ತಾಯಿಯ ಕಡೆ ನೋಡಲಿಲ್ಲ. ಬೇಡವಾದವಳೂ ಅಲ್ಲ, ಗುಳಿಗೆ ಉಳಿಸಿದವಳೂ ಅಲ್ಲ. ದೇವರು ಕೊಟ್ಟಿದ್ದ, ತಾನು ಬಂದಿದ್ದೆ, ಅಷ್ಟೆ. ಆದರೆ ಅದನ್ನು ಯೋಚಿಸಲು ಈಗ ಹೊತ್ತಿರಲಿಲ್ಲ. ಅವಳು ಮನೆ ಬಿಡುವಾಗಲೇ ನೂಲಿನ ಡಬ್ಬಿಯಿಂದ ಹೆಕ್ಕಿ ತಂದಿದ್ದ ಗುಳಿಗೆಗಳನ್ನೂ ಉಳಿದ ಪಟ್ಟಿಯನ್ನೂ ಮೇಜಿನ ಮೇಲಿಟ್ಟಳು.

“ಒಂದೂ ನುಂಗಿಲ್ರಿ ನಾನು. ಇದು ಅದ ಏನು?”

ಡಾಕ್ಟರು ಬೈಯುತ್ತಾರೆಂದು ಎಣಿಸಿದ್ದಳು. ಅವರು ಬಿಡಿ ಗುಳಿಗೆಗಳನ್ನು ಕಸದ ಡಬ್ಬಿಗೆ ಹಾಕಿ ಪಟ್ಟಿಯನ್ನು ತಿರುಗಿಸಿ ನೋಡಿದರು. “ಕೊಡೋ ಮುಂದ ನಾನ ತಿಳಿಸಿ ಹೇಳಬೇಕಾಗಿತ್ತು. ಇದು ಅದಲ್ಲ. ಬಸರಿದ್ದಾಗ ಮೈಯಾಗ ತಾನಾಗಿ ಆಗ್ತೈತಲ್ಲ, ಅದ ಹಾರ್ಮೋನು ಇದು. ಎಷ್ಟೋ ವರ್ಷದಿಂದ ಕೊಟ್ಟು ನೋಡ್ಯಾರ.”

“ಇದೂ ಮುಂದ ನನ್ನ ಕೂಸಿಗೆ ಹಂಗ ಆದ್ರ?”

“ಇಲ್ಲೀತನಕ ಹಂಗೇನೂ ಕಂಡಿಲ್ಲ. ಎಂದೂ ಆಗಂಗಿಲ್ಲ ಅಂತ ಆಣಿ ಮಾಡಾಕ ನಾ ದೇವರಲ್ಲ. ಇದೊಂದರಿಂದನ ಎಲ್ಲಾ ಆಗ್ತೈತಿ ಅಂತನೂ ಅಲ್ಲ. ನಿಮಗ ಖರೆ ಬೇಕಾಗಿದ್ದು ಗರ್ಭಚೀಲದ ಬಾಯಿಗೆ ಒಂದು ಹೊಲಿಗಿ. ಇನ್ನೊಂದು ತಿಂಗಳ ಬಿಟ್ಟು ಹಾಕ್ತೇನಿ. ಹದಿನೈದು ದಿನಕ್ಕೊಮ್ಮೆ ಬರಬೇಕು. ಹೆರಿಗಿ ಆದ ಮ್ಯಾಲೂ ವರ್ಷಕ್ಕೊಮ್ಮೆ ಬಂದು ತೋರಿಸ್ಕೋಬೇಕು. ಆ ಗುಳಿಗಿ ನುಂಗಿದವರ ಹೆಣ್ಮಕ್ಕಳಾಗ ಎಲ್ಲೋ ಒಬ್ಬಿಬ್ಬರಿಗೆ ಕ್ಯಾನ್ಸರ್ ಆಗಿದ್ದೈತಿ. ಭಾಳ ಕಡಿಮಿ. ಹೆದರಬ್ಯಾಡ್ರಿ, ಆದ್ರ ತಪ್ಪಸಬ್ಯಾಡ್ರಿ.”

“ಈ ಗುಳಿಗಿ ಹೆಸರು ಕನ್ನಡದಾಗ ಬರದು ಕೊಡ್ರಿ,” ಎಂದಳು ಶಹರಬಾನು. “ದೊಡ್ಡ ಅಕ್ಷರದಾಗ. ಯಾಕ ಕೊಟ್ರಿ, ಎಂದಿನಿಂದ, ದಿನಕ್ಕ ಎಷ್ಟು, ಎಲ್ಲಾ ಬರೀರಿ.”

ಡಾಕ್ಟರು ಅವಳನ್ನು ಒಮ್ಮೆ ನೋಡಿ, ಪೆನ್ನು ತೆಗೆದುಕೊಂಡು ನಿಧಾನವಾಗಿ ಬರೆದರು. ಹಳೆಯ ಚೀಟಿಯ ಫೋಟೋ ತೆಗೆದುಕೊಂಡು, ಮುಚ್ಚಳವನ್ನು ಅವಳ ಕಡತದಲ್ಲಿಟ್ಟರು.

ದವಾಖಾನೆಯ ಹೊರಗಿನ ಬಸ್ ನಿಲ್ದಾಣದ ಕಲ್ಲಿನ ಬೆಂಚಿನ ಮೇಲೆ ಶಹರಬಾನು ತಾಯಿಯ ನೀರಿನ ಬಾಟಲಿ ಇಸಿದುಕೊಂಡು ಮೊದಲ ಗುಳಿಗೆ ನುಂಗಿದಳು. ಆಮೇಲೆ ಹೊಸ ಚೀಟಿಯನ್ನು ಮಡಚಿ, ಸುರುಳಿ ಮಾಡಿ, ಖಾಲಿ ತಾಯಿತದೊಳಗೆ ತುರುಕಲು ನೋಡಿದಳು. ಹಿಡಿಸಲಿಲ್ಲ. ಬಿಚ್ಚಿ ಇನ್ನೂ ಬಿಗಿಯಾಗಿ ಸುತ್ತಿದಳು.

“ಮತ್ತ ಅದನ್ನ ಮಾಡ್ತಿಯಲ್ಲ!” ಎಂದು ರಂಜಾನಬಿ ಗಾಬರಿಯಾದಳು. “ನಾ ಮಾಡಿದ ತಪ್ಪು ಸಾಲಲಿಲ್ಲೇನು?”

“ನೀ ಇಟ್ಟಿದ್ದಿ ಅಂತನ ಇವತ್ತ ಗೊತ್ತಾತಮ್ಮಾ. ಈ ಕೂಸು ನಾಳೆ ನನ್ನ ಕೇಳಿದ್ರ, ನಾ ಇದ್ದರೂ ಇಲ್ಲದಿದ್ದರೂ, ಇದರಾಗ ಇರಲಿ. ಇದರಾಗ ಏನೈತಿ ಅಂತ ಮಾತ್ರ ನಾ ಮೊದಲ ಹೇಳಿಬಿಡ್ತೇನಿ.”

“ಬರೇ ಡಾಕ್ಟರ ಬರದದ್ದು ಬ್ಯಾಡ ಮತ್ತ. ಹಜರತ್ ಕಡೆ ಹೋಗಿ ಒಂದು ಆಯತೂ ಬರಸಿಕೊಂಡು ಬರೋಣು.”

“ಅದೂ ಇರಲಿ. ಎರಡಕ್ಕೂ ಜಾಗಾ ಮಾಡೋಣು.”

ಚೀಟಿ ಒಳಗಾದ ಮೇಲೆ ರಂಜಾನಬಿ ತಾಯಿತದ ದಾರವನ್ನು ಮಗಳ ಕೊರಳಿಗೆ ಕಟ್ಟಿದಳು. ಗಂಟು ಹಾಕಿದ ಕೈ ಅಭ್ಯಾಸದಿಂದ ಮಗಳ ಮುಂಗೈಗೆ ಇಳಿಯಿತು. ಹೆಬ್ಬೆರಳು ಎಲುಬಿನ ಮೇಲೆ ಆಡಿ ಬಳೆಯ ಅಳತೆ ತೆಗೆಯಿತು.

“ಐದು ತುಂಬಲಿ,” ಎಂದಳು, ಬೇರೆ ಕಡೆ ನೋಡುತ್ತ. “ಹಸರು ಬಳಿ ಇಡ್ತೇನಿ.”

ಎರಡು ಬಸಿರು ಹೋದದ್ದು ಆ ಐದರಲ್ಲೇ. ಶಹರಬಾನು ಕೈ ಬಿಡಿಸಿಕೊಳ್ಳಲಿಲ್ಲ. ಇಳಕಲ್ ಬಸ್ಸು ಬಂತೇನೋ ಎಂದು ಎದ್ದು ನಿಂತು ನೋಡಿದಳು. ಬಂದಿರಲಿಲ್ಲ. ಕೂತಳು. ಮತ್ತೆ ಎದ್ದಳು. ಮುಂಗೈ ಹಿಡಿದುಕೊಂಡಿದ್ದ ತಾಯಿಯೂ ಅವಳ ಜೊತೆಗೇ ಎದ್ದು ನಿಂತಳು.